ಎಸಿ ಹಿಂದಿನ ಬಾವಲಿಗೆ ಹೊಸ ಮನೆ: ಮುಂಬೈ ಫ್ಲಾಟ್‌ನಲ್ಲಿ ಯಾವುದು ಆಗತ್ತೆ, ಯಾವುದು ಆಗಲ್ಲ

ಈ ವಾರದ ಮಾತಿನ ಬರಹ ರೂಪ ಇಲ್ಲಿದೆ. ವಿಡಿಯೋ ನೋಡೋಕೆ ಪುರುಸೊತ್ತಿಲ್ಲದವರು, ಥಾಣೆ ಲೋಕಲ್‌ನಲ್ಲಿ ಒಂದು ಕೈಲಿ ಹಿಡಿಕೆ, ಇನ್ನೊಂದು ಕೈಲಿ ಫೋನ್ ಹಿಡ್ಕೊಂಡು ನಿಂತಿರೋರು, ಇದನ್ನೇ ನಿಧಾನಕ್ಕೆ ಓದ್ಕೊಳ್ಳಿ.

ವಿಷಯ ಬಾವಲಿ. ಪವೈ, ಘೋಡ್‌ಬಂದರ್ ರೋಡ್, ಐರೋಲಿ, ಮಲಾಡ್ ಕಡೆ ಇರೋ ನಮ್ಮವರಲ್ಲಿ ಎಷ್ಟೋ ಜನಕ್ಕೆ ಇದು ಗೊತ್ತಿರೋ ಕಥೆ. ಸಂಜೆ ದೀಪ ಹಚ್ಚೋ ಹೊತ್ತಿಗೆ ಎಸಿ ಹಿಂದಿನಿಂದ ಚಿಕ್ ಚಿಕ್ ಸದ್ದು. ಬೆಳಿಗ್ಗೆ ಕಿಟಕಿ ಕಟ್ಟೆ ಮೇಲೆ ಕರಿ ಅಕ್ಕಿಕಾಳಿನಂಥ ಹಿಕ್ಕೆ. ಆಮೇಲೊಂದು ರಾತ್ರಿ ಬೆಡ್‌ರೂಮಿನೊಳಗೇ ಎರಡು ಸುತ್ತು ಹಾರಾಟ, ಮನೆಯವರೆಲ್ಲ ಹೊದಿಕೆ ಒಳಗೆ. ಮರುದಿನ ಮೊದಲ ಫೋನು ಪೆಸ್ಟ್ ಕಂಟ್ರೋಲ್‌ನವರಿಗೆ, ಎರಡನೇದು ಊರಿಗೆ. ಊರಿಂದ ಅಜ್ಜಿ ಹೇಳೋದು, "ಕಣ್ಕಪ್ಪಡಿ ಮನೆಯೊಳಗೆ ಬಂದ್ರೆ ಒಳ್ಳೇದಲ್ಲ ಕಣಪ್ಪ, ಒಂದು ಶಾಂತಿ ಮಾಡ್ಸಿಬಿಡು."

ಶಾಂತಿ ನಿಮಗೆ ಬಿಟ್ಟಿದ್ದು. ಇವತ್ತಿನ ಪ್ರಶ್ನೆ ಬೇರೆ. ಅದನ್ನ ಸಾಯಿಸದೆ, ನಮ್ಮ ಮನೆಯಿಂದ ಹೊರಗೆ, ಅದಕ್ಕಂತಲೇ ಮಾಡಿದ ಒಂದು ಮರದ ಡಬ್ಬಕ್ಕೆ ಕಳಿಸೋಕಾಗತ್ತಾ? ಬ್ಯಾಟ್ ಹೌಸ್ ಅಂತ ಆನ್‌ಲೈನ್‌ನಲ್ಲಿ ಮಾರ್ತಾರಲ್ಲ, ಅದು.

ಚಿಕ್ಕ ಉತ್ತರ ಹೇಳ್ತೀನಿ. ಬಾವಲಿಯನ್ನ ನಾವು ಶಿಫ್ಟ್ ಮಾಡೋಕಾಗಲ್ಲ. ಹೊಸ ಬಾಗಿಲೊಂದನ್ನ ತೆರೆದಿಡಬಹುದು, ಹಳೇ ಬಾಗಿಲನ್ನ ಸರಿಯಾದ ಕಾಲ ನೋಡಿ ಮುಚ್ಚಬಹುದು. ಎಲ್ಲಿಗೆ ಹೋಗೋದು ಅನ್ನೋದು ಅದರ ತೀರ್ಮಾನ. ಕಾಲ ತಪ್ಪಿದ್ರೆ ಮಾತ್ರ, ಒಳ್ಳೇ ಮನಸ್ಸಿಂದ ಮಾಡಿದ ಕೆಲಸವೂ ಮರಿಗಳನ್ನ ಕೊಲ್ಲತ್ತೆ.

ಮೊದಲು ಯಾವ ಬಾವಲಿ ಅಂತ ನೋಡಿ

ಮುಂಬೈಯಲ್ಲಿ ಮರಾಠಿಯವರು ಎಲ್ಲದಕ್ಕೂ ವಟವಾಘೂಳ ಅಂದುಬಿಡ್ತಾರೆ. ನಮ್ಮಲ್ಲಿ ದೊಡ್ಡದಕ್ಕೆ ಬಾವಲಿ, ತೊಗಲು ಬಾವಲಿ; ಗುಡಿಯ ಕತ್ತಲಲ್ಲಿ, ಗೋಡೆ ಸಂದಿಯಲ್ಲಿ ಇರೋ ಚಿಕ್ಕದಕ್ಕೆ ಎಷ್ಟೋ ಕಡೆ ಕಣ್ಕಪ್ಪಡಿ. ಈ ವ್ಯತ್ಯಾಸ ಇಲ್ಲಿ ತುಂಬ ಕೆಲಸಕ್ಕೆ ಬರತ್ತೆ.

ಒಂದನೇದು, ಗಿಡ್ಡ ಮೂತಿಯ ಹಣ್ಣು ಬಾವಲಿ. ಬೆಳಿಗ್ಗೆ ಸ್ಟಿಲ್ಟ್ ಪಾರ್ಕಿಂಗ್‌ನಲ್ಲಿ ಕಾರಿನ ಮೇಲೆ ಅಗಿದು ಉಗಿದ ಹಣ್ಣಿನ ನಾರು, ಅಶೋಕ ಮರದ ಬೀಜ, ಕಾಡುಬಾದಾಮಿ ಓಟೆ, ಗೋಡೆ ಮೇಲೆ ಕಂದು ಪಿಚಕಾರಿ ಕಂಡ್ರೆ ಅದು ಇದರ ಕೆಲಸ. ಇದು ನಿಮ್ಮ ಬಿಲ್ಡಿಂಗ್‌ನಲ್ಲಿ ವಾಸ ಇರಲ್ಲ. ಹಣ್ಣು ಕಿತ್ಕೊಂಡು ಬಂದು, ಗೂಬೆ ಕಣ್ಣು ತಪ್ಪಿಸಿ, ಸೂರಿನ ಕೆಳಗೆ ನೇತಾಡಿ ತಿಂದು ಹೋಗತ್ತೆ. ಹಗಲಲ್ಲಿ ಅದರ ಮನೆ ಮರ, ತಾಳೆ ಗರಿಯ ಅಡಿ. ಎಲೆ, ಬಳ್ಳಿಗಳನ್ನ ಕಚ್ಚಿ ಬಗ್ಗಿಸಿ ಡೇರೆ ಥರ ಮಾಡ್ಕೊಳ್ಳೋ ಜಾತಿ ಇದು. ಇದಕ್ಕೆ ಡಬ್ಬ ತೂಗುಹಾಕಿ ಪ್ರಯೋಜನ ಇಲ್ಲ, ಒಳಗೆ ಹೋಗೋದೇ ಇಲ್ಲ. ಅದು ಕಾಲು ಸಿಕ್ಕಿಸೋ ಪೈಪು ಅಥವಾ ಕೊಕ್ಕೆಗೆ ನುಣುಪಾದ ಪ್ಲಾಸ್ಟಿಕ್ ಹಾಳೆ ಸುತ್ತಿ, ಹಣ್ಣು ಬಿಡೋ ತಿಂಗಳಲ್ಲಿ ಕಾರಿಗೆ ಕವರ್ ಹಾಕಿ. ಮುಗೀತು.

ಎರಡನೇದು, ಗುಂಪಾಗಿ ಕತ್ತಲ ಜಾಗ ಹುಡುಕೋ ಬಾವಲಿಗಳು. ಕಾನ್ಹೇರಿ ಗುಹೆಗಳಿಗೆ ಹೋದವರು ಆ ವಾಸನೆ ಮರೆತಿರಲ್ಲ. ಇವು ಗುಹೆ, ಸುರಂಗ, ಪಾಳು ಕಟ್ಟಡದವು. ಇವಕ್ಕೂ ಡಬ್ಬ ಚಿಕ್ಕದು.

ಮೂರನೇದು ಇವತ್ತಿನ ಕಥಾನಾಯಕ: ಪಿಪಿಸ್ಟ್ರೆಲ್ ಜಾತಿಯ ಪುಟ್ಟ ಬಾವಲಿ, ಜೊತೆಗೆ ಅದಕ್ಕಿಂತ ಸ್ವಲ್ಪ ದೊಡ್ಡದಾದ ಹಳದಿ ಮನೆ ಬಾವಲಿ. ಪಿಪಿಸ್ಟ್ರೆಲ್ ಅಂದ್ರೆ ಹೆಬ್ಬೆರಳಿನಷ್ಟು ಮೈ, ಕೆಲವೇ ಗ್ರಾಂ ತೂಕ. ಹೊಟ್ಟೆಪಾಡು ಪೂರಾ ಹುಳುಗಳ ಮೇಲೆ. ಎಸಿ ಮತ್ತು ಗೋಡೆಯ ನಡುವಿನ ಸಂದು, ರೋಲಿಂಗ್ ಶಟರ್ ಡಬ್ಬ, ಅಂಗಡಿ ಬೋರ್ಡಿನ ಹಿಂಭಾಗ, ಟೆರೇಸ್ ಮೇಲಿನ ಪತ್ರಾ ಶೆಡ್, ಹಳೇ ಚಾಳುಗಳ ಹೆಂಚಿನ ಅಡಿ, ಎಲ್ಲಾ ಕಡೆ ಇರತ್ತೆ. ಒಂದು ಸೆಂಟಿಮೀಟರ್ ಸಂದು ಸಿಕ್ಕಿದ್ರೂ ಸಾಕು. ಬಿಗಿಯಾದ ಸಂದೇ ಇದಕ್ಕೆ ಇಷ್ಟ, ಅದಕ್ಕೇ ಡಬ್ಬಕ್ಕೆ ಬರೋ ಸಾಧ್ಯತೆ ಇರೋದೂ ಇದೇ.

ಹಿಕ್ಕೆ ನೋಡಿ ಗುರುತು ಹಿಡಿಯೋದು ಸುಲಭ. ಹಲ್ಲಿಯದ್ದಕ್ಕೆ ಒಂದು ತುದಿಯಲ್ಲಿ ಬಿಳಿ ಚುಕ್ಕೆ ಇರತ್ತೆ. ಇಲಿಯದ್ದು ಗಟ್ಟಿ. ಬಾವಲಿಯದ್ದನ್ನ ಕಡ್ಡಿಯಿಂದ ಒತ್ತಿದ್ರೆ ಪುಡಿಪುಡಿ, ಒಳಗೆ ಹುಳುಗಳ ರೆಕ್ಕೆ ಚೂರು ಮಿಂಚತ್ತೆ. ಕೈಯಿಂದ ಮಾತ್ರ ಒತ್ತಬೇಡಿ.

ಹಿಡಿದು ಸಾಗಿಸಿದ್ರೆ ಏನಾಗತ್ತೆ?

ಇದಕ್ಕೆ ಅಮೆರಿಕದಲ್ಲಿ ಒಂದು ಪ್ರಸಿದ್ಧ ಉದಾಹರಣೆ ಇದೆ. ಗೇನ್ಸ್‌ವಿಲ್‌ನ ಫ್ಲೋರಿಡಾ ವಿಶ್ವವಿದ್ಯಾಲಯದಲ್ಲಿ 1987ರಲ್ಲಿ ಒಂದು ಹಳೇ ಕಟ್ಟಡಕ್ಕೆ ಬೆಂಕಿ ಬಿತ್ತು. ಅಲ್ಲಿದ್ದ ಬಾವಲಿಗಳು ಕ್ಯಾಂಪಸ್ಸಿನ ಸ್ಟೇಡಿಯಂಗೆ ಹೋಗಿ ಸೇರ್ಕೊಂಡವು. ನೋಡೋಕೆ ಬಂದವರಿಗೆ ವಾಸನೆ, ಹಿಕ್ಕೆ. 1991ರಲ್ಲಿ ವಿಶ್ವವಿದ್ಯಾಲಯ ಕಂಬಗಳ ಮೇಲೆ ಒಂದು ದೊಡ್ಡ ಬಾವಲಿ ಮನೆ ಕಟ್ಟಿಸಿ, ಬಾವಲಿಗಳನ್ನ ಹಿಡಿದು ತಂದು ಅದರೊಳಗೆ ಬಿಟ್ಟಿತು. ಕೆಲವೇ ದಿನದಲ್ಲಿ ಎಲ್ಲಾ ಎದ್ದು ಹೋದವು. ಮನೆ ಮೂರು ವರ್ಷಕ್ಕೂ ಮೇಲೆ ಹೆಚ್ಚುಕಮ್ಮಿ ಖಾಲಿ. ಆಮೇಲೆ ಯಾರೂ ಕರೀದೇ ತಾವಾಗೇ ಬಂದು ನೆಲೆಸಿದವು. ಇವತ್ತು ಅಲ್ಲಿ ಲಕ್ಷಗಟ್ಟಲೆ ಇವೆ, ಸಂಜೆ ನೋಡೋಕೆ ಜನ ಸೇರ್ತಾರೆ.

ಅದೇ ದೇಶದ ಆಸ್ಟಿನ್ ನಗರದಲ್ಲಿ ಉಲ್ಟಾ ಆಯ್ತು. ಬಾವಲಿಗೆ ಅಂತ ಯಾರೂ ಏನೂ ಕಟ್ಟಿರಲಿಲ್ಲ. 1980ರಲ್ಲಿ ಕಾಂಗ್ರೆಸ್ ಅವೆನ್ಯೂ ಸೇತುವೆ ದುರಸ್ತಿ ಮಾಡಿದಾಗ ಅಡಿಯಲ್ಲಿ ಉದ್ದಕ್ಕೂ ಕಿರಿದಾದ ಸಂದುಗಳು ಉಳಿದವು. ಆ ಅಳತೆ ಬಾವಲಿಗೆ ಹೇಳಿ ಮಾಡಿಸಿದ ಹಾಗಿತ್ತು. ಈಗ ಬೇಸಿಗೆಯಲ್ಲಿ ಸುಮಾರು 15 ಲಕ್ಷ ಬಾವಲಿಗಳು.

ಅಂದ್ರೆ ಕರ್ಕೊಂಡು ಹೋಗಿ ಬಿಡೋದ್ರಿಂದ ಕೆಲಸ ಆಗಲ್ಲ. ಸಂದಿನ ಅಳತೆ, ಶಾಖ, ಹಾರಿ ಬಂದು ಹಿಡ್ಕೊಳ್ಳೋಕೆ ಜಾಗ, ಇವು ಸರಿ ಇದ್ರೆ ಅದೇ ಹುಡುಕ್ಕೊಂಡು ಬರತ್ತೆ.

ಡಬ್ಬ ಹೇಗಿರಬೇಕು

ಇದರ ಅಳತೆ, ನಿಯಮ ಎಲ್ಲಾ ಹೆಚ್ಚಾಗಿ ಅಮೆರಿಕ, ಯೂರೋಪಿನಿಂದ ಬಂದದ್ದು. ಅಳತೆಯನ್ನ ಹಾಗೇ ತಗೋಬಹುದು, ಹವಾಮಾನದ ಸಲಹೆಯನ್ನ ಮುಂಬೈಗೆ ತಿದ್ಕೋಬೇಕು.

ಡಬ್ಬ ಎತ್ತರಕ್ಕೆ ಕನಿಷ್ಠ 60 ಸೆಂಟಿಮೀಟರ್, ಅಗಲಕ್ಕೆ 35 ಸೆಂಟಿಮೀಟರ್ ಇರಲಿ. ಒಳಗೆ ಹಲಗೆಗಳನ್ನ ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಬೇಕು, ಎರಡು ಹಲಗೆ ನಡುವೆ ಸುಮಾರು 2 ಸೆಂಟಿಮೀಟರ್ ಸಂದು. ಪಕ್ಷಿ ಗೂಡಿನ ಥರ ಮುಂದೆ ದುಂಡನೆ ತೂತು ಬೇಡ, ಕೆಳಭಾಗ ಪೂರ್ತಿ ತೆರೆದಿರಬೇಕು. ಹಿಂದಿನ ಹಲಗೆ ಕೆಳಗಡೆ 10 ಸೆಂಟಿಮೀಟರ್ ಉದ್ದ ಬಿಟ್ರೆ ಅದು ಬಂದಿಳಿಯೋ ಕಟ್ಟೆ. ಒಳಮೈ ಎಲ್ಲಾ ಅಡ್ಡಡ್ಡ ಗೀರು ಹಾಕಿಸಿ, ಉಗುರು ಹಿಡೀಬೇಕಲ್ಲ. ಒಳಗೆ ಬಣ್ಣ, ವಾರ್ನಿಶ್ ಬೇಡ. ಹೊರಗೆ ನೀರಿನ ಬಣ್ಣ ಸಾಕು.

ಈಗ ಮುಂಬೈ ತಿದ್ದುಪಡಿ. ಅಮೆರಿಕದವರು "ದಿನಕ್ಕೆ ಆರು ಗಂಟೆ ಬಿಸಿಲು ಬೀಳಲಿ, ಕಪ್ಪು ಬಣ್ಣ ಹಚ್ಚಿ" ಅಂತ ಬರೆದಿದ್ರೆ ಅದು ಅವರ ಚಳಿಗೆ. ಡಬ್ಬದೊಳಗೆ 40 ಡಿಗ್ರಿ ದಾಟಿದ್ರೆ ಬಾವಲಿಗೆ ಅಪಾಯ. ನಮ್ಮ ಮೇ ತಿಂಗಳ ಪಶ್ಚಿಮದ ಗೋಡೆ ಇಡ್ಲಿ ಪಾತ್ರೆ ಇದ್ದ ಹಾಗೆ. ಹಾಗಾಗಿ ಬಣ್ಣ ತಿಳಿ ಇರಲಿ, ಮುಖ ಪೂರ್ವ ಅಥವಾ ಈಶಾನ್ಯಕ್ಕಿರಲಿ, ಕೆಳಗಿನಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಗಾಳಿಯಾಡೋಕೆ ಒಂದು ಅಡ್ಡ ಸೀಳು ಇರಲಿ. ಪೂರ್ವಕ್ಕೆ ಇನ್ನೊಂದು ಕಾರಣ ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬೀಳೋ 2000 ಮಿಲಿಮೀಟರ್ ದಾಟೋ ಮಳೆ ಸಮುದ್ರದ ಕಡೆಯಿಂದ, ನೈಋತ್ಯದಿಂದ ಹೊಡೆಯತ್ತೆ. ಕಿಟಕಿಯ ಸಜ್ಜಾ ಅಡಿ ಸಿಕ್ಕಿದ್ರೆ ಅದಕ್ಕಿಂತ ಒಳ್ಳೇ ಜಾಗ ಇಲ್ಲ. ಪ್ಲೈವುಡ್ ಕೇಳುವಾಗ ನೀರು ತಡೆಯೋ ಮರೈನ್ ಪ್ಲೈನೇ ಕೇಳಿ, ಸಾದಾ ಪ್ಲೈ ಒಂದು ಮಳೆಗಾಲಕ್ಕೆ ಪದರ ಬಿಡತ್ತೆ.

ನೆಲದಿಂದ ಕನಿಷ್ಠ 12 ಅಡಿ ಎತ್ತರ, ಎದುರಿಗೆ ಕೊಂಬೆ, ಕೇಬಲ್ ಇಲ್ಲದ ತೆರೆದ ಜಾಗ, ಮೇಲೆ ಹ್ಯಾಲೊಜೆನ್ ದೀಪ ಬೀಳಬಾರದು. ಎಲ್ಲಕ್ಕಿಂತ ಮುಖ್ಯ: ಈಗ ಅವು ಹೊರಬರೋ ಸಂದಿಗೆ ಆದಷ್ಟು ಹತ್ತಿರ. ಹಿಕ್ಕೆ ಸವರಿದ್ರೆ ಬರತ್ತೆ, ಎಣ್ಣೆ ಹಚ್ಚಿದ್ರೆ ಬರತ್ತೆ ಅಂತ ಆಕರ್ಷಕ ದ್ರವ್ಯ ಮಾರೋರಿದ್ದಾರೆ. ದುಡ್ಡು ದಂಡ.

ಮರಿ ಇದೆಯಾ?

ಇಲ್ಲಿ ಸ್ವಲ್ಪ ನಿಲ್ಲಿ. ಈ ಮಾತಿನ ಮುಖ್ಯ ಭಾಗ ಇದು.

ಬಾವಲಿ ಮರಿ ಹುಟ್ಟುವಾಗ ರೋಮ ಇರಲ್ಲ, ಕಣ್ಣು ಬಿಟ್ಟಿರಲ್ಲ. ಹಾಲೇ ಆಹಾರ. ಹಾರೋಕೆ ವಾರಗಳು ಬೇಕು. ರಾತ್ರಿ ತಾಯಿ ಬೇಟೆಗೆ ಹೋಗುವಾಗ ಮರಿಯನ್ನ ಸಂದಿಯಲ್ಲೇ ಬಿಟ್ಟು ಹೋಗತ್ತೆ. ಅವತ್ತು ರಾತ್ರಿ ನಾವು ಸಂದಿಗೆ ಫೋಮ್ ತುಂಬಿಸಿದ್ರೆ ತಾಯಿ ಹೊರಗೆ, ಮರಿ ಒಳಗೆ. ಮರಿಗಳು ಎರಡು ಮೂರು ದಿನ ಕೂಗಿ ಸುಮ್ಮನಾಗ್ತವೆ. ತಾಯಿಗಳು ಬೇರೆ ದಾರಿ ಹುಡುಕಿ ನಿಮ್ಮ ಕಿಟಕಿ, ಬಾತ್‌ರೂಮಿನ ಎಕ್ಸಾಸ್ಟ್ ಕಡೆಯಿಂದ ನುಗ್ತವೆ. ಆಮೇಲೆ ಗೋಡೆಯೊಳಗಿನ ವಾಸನೆ. ಅವಸರಕ್ಕೆ ಸಿಗೋದು ಇದು.

ಮುಂಬೈಯಲ್ಲಿ ಈ ಅಪಾಯ ಜಾಸ್ತಿ. ಮಳೆಗೆ ಮುಂಚೆ, ಏಪ್ರಿಲ್–ಮೇನಲ್ಲಿ, ಎಲ್ಲಾ ಸೊಸೈಟಿಗಳೂ ವಾಟರ್‌ಪ್ರೂಫಿಂಗ್ ಮಾಡಿಸಿ ಸಂದು ಮುಚ್ಚಿಸ್ತವೆ. ನಮ್ಮ ಹುಳು ತಿನ್ನೋ ಬಾವಲಿಗಳಲ್ಲಿ ಮಳೆಗಾಲದ ಆಸುಪಾಸಿಗೆ ಮರಿ ಹಾಕೋ ಜಾತಿಗಳಿವೆ. ಪುಟ್ಟ ಪಿಪಿಸ್ಟ್ರೆಲ್ಲಂತೂ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸಲ ಮರಿ ಹಾಕತ್ತೆ. ಹಾಗಾಗಿ ಅಮೆರಿಕದ ವೆಬ್‌ಸೈಟ್‌ನಲ್ಲಿರೋ ಕ್ಯಾಲೆಂಡರ್ ಇಲ್ಲಿಗೆ ಹೊಂದಲ್ಲ. ಕ್ಯಾಲೆಂಡರ್ ಬದಲು ಕಿವಿ ಉಪಯೋಗಿಸಿ. ದೊಡ್ಡವು ಹಾರಿಹೋದ ಅರ್ಧ ಗಂಟೆ ಮೇಲೆ ಸಂದಿಯ ಹತ್ತಿರ ನಿಂತು ಕೇಳಿ. ಒಳಗಿಂದ ಚಿಕ್ ಚಿಕ್ ಬರ್ತಾ ಇದ್ರೆ ಮರಿ ಇದೆ ಅಂತಲೇ ಲೆಕ್ಕ. ರಾತ್ರಿ ನಡುವೆ ಪದೇಪದೇ ವಾಪಸ್ ಬರ್ತಿದ್ರೂ ಅಷ್ಟೇ. ಆಗ ಕನಿಷ್ಠ ಆರು ವಾರ ಕೈಕಟ್ಟಿ ಕೂತು, ಮತ್ತೆ ಕೇಳಿ ನೋಡಬೇಕು.

ನನ್ನ ಲೆಕ್ಕದಲ್ಲಿ ಈ ಊರಿಗೆ ಒಳ್ಳೇ ಕಾಲ ದೀಪಾವಳಿ ಪಟಾಕಿ ಮುಗಿದ ಮೇಲಿಂದ ಜನವರಿವರೆಗೆ. ಮಳೆಗಾಲದ ಮರಿಗಳು ರೆಕ್ಕೆ ಬಲಿತು ಹಾರ್ತಿರ್ತವೆ, ರಾತ್ರಿ ಒಣಗಿರತ್ತೆ, ಹುಳುವೂ ಸಿಗತ್ತೆ. ಜೋರು ಮಳೆ ರಾತ್ರಿಗಳಲ್ಲಿ ಬಾವಲಿ ಹೊರಗೇ ಬರದೆ ಇರಬಹುದು. ಹೋಗಿದೆ ಅಂದ್ಕೊಂಡು ನಾವು ಮುಚ್ಚಿಬಿಡ್ತೀವಿ.

ಹೋಗೋಕೆ ಮಾತ್ರ ಬಾಗಿಲು

ನಾವು ಹಳೇ ಸರ್ವರ್ ಆಫ್ ಮಾಡೋ ಮುಂಚೆ ಹೊಸದನ್ನ ಎಬ್ಬಿಸಿ, ಕೆಲವು ದಿನ ಎರಡನ್ನೂ ಓಡಿಸ್ತೀವಲ್ಲ, ಇಲ್ಲೂ ಹಾಗೇ. ಡಬ್ಬವನ್ನ ಮೊದಲು ಹಾಕಿ. ಮಳೆಗಾಲಕ್ಕೆ ಮುಂಚೆಯೇ ಹಾಕಿದ್ರೆ ಇನ್ನೂ ಒಳ್ಳೇದು, ಬಾವಲಿಗಳು ಆ ಜಾಗ ನೋಡ್ಕೊಂಡಿರ್ತವೆ.

ನಂತರ ಎರಡು ಮೂರು ಸಂಜೆ ಸೂರ್ಯಾಸ್ತದ ಹೊತ್ತಿಗೆ ಕೂತು ಎಣಿಸಿ. ಎಲ್ಲಿಂದ ಬರ್ತವೆ, ಎಷ್ಟು ಬರ್ತವೆ, ಬೇರೆ ತೂತು ಇದೆಯಾ. ಮುಖ್ಯ ಬಾಗಿಲು ಬಿಟ್ಟು ಉಳಿದ ಸಂದುಗಳನ್ನ ಮುಚ್ಚಿ. ಮುಖ್ಯ ಬಾಗಿಲ ಮೇಲೆ ಸಣ್ಣ ಕಣ್ಣಿನ ಪ್ಲಾಸ್ಟಿಕ್ ಬಲೆ ಇಳಿಬಿಡಿ. ಮೇಲೆ ಮತ್ತು ಎರಡು ಪಕ್ಕ ಟೇಪ್, ಕೆಳಗೆ ಬಿಟ್ಟಿರಲಿ, ತೂತಿಗಿಂತ ಒಂದೂವರೆ ಅಡಿ ಕೆಳಗೆ ಬರಲಿ. ಹೊರಬಂದ ಬಾವಲಿ ಬಲೆಯ ಒಳಗೆ ಜಾರಿ ಕೆಳಗಿಂದ ಹಾರತ್ತೆ. ವಾಪಸ್ ಬಂದಾಗ ನೇರ ಹಳೇ ತೂತಿನ ಕಡೆಗೇ ಹೋಗತ್ತೆ, ಬಲೆ ಅಡ್ಡ ಸಿಗತ್ತೆ, ಕೆಳಗಿಂದ ನುಸುಳೋದು ಅದಕ್ಕೆ ಹೊಳೆಯಲ್ಲ. ಪಕ್ಕದಲ್ಲೇ ಡಬ್ಬ ಇರತ್ತೆ.

ಇದನ್ನ ಒಂದು ವಾರ ಹಾಗೇ ಬಿಡಿ. ಎರಡು ಸಂಜೆ ಒಂದೂ ಹೊರಗೆ ಬರದಿದ್ರೆ ಬಲೆ ತೆಗೆದು ಸಿಲಿಕೋನ್ ಅಥವಾ ಸಿಮೆಂಟ್‌ನಿಂದ ಮುಚ್ಚಿ. ಕಿಟಕಿ ಆಚೆ ಬಗ್ಗಿ ನೀವೇ ಮಾಡೋಕೆ ಹೋಗಬೇಡಿ. ಎಸಿ ಫಿಟ್ ಮಾಡೋರು, ಹಗ್ಗ ಕಟ್ಟಿ ಹೊರಗೋಡೆ ಬಣ್ಣ ಬಳಿಯೋರು ಇದ್ದಾರೆ, ಪಕ್ಕ ನಿಂತು ಹೇಳಿ ಮಾಡಿಸಿ.

ನುಸಿಗುಳಿಗೆ, ಹೊಗೆ, ಅಂಟುಹಲಗೆ ಬೇಡವೇ ಬೇಡ. ನುಸಿಗುಳಿಗೆಯ ನಾಫ್ತಲೀನ್ ಆವಿ ಬಾವಲಿಗಿಂತ ಮೊದಲು ನಿಮ್ಮ ಮಗುವಿನ ಮೂಗಿಗೆ ಹೋಗತ್ತೆ. ಅಲ್ಟ್ರಾಸೌಂಡ್ ಪ್ಲಗ್ ಯಂತ್ರವನ್ನ ನಂಬಿ ಕೂರಬೇಡಿ.

ರೂಮೊಳಗೆ ಬಂದ್ರೆ

ಮೊದಲ ಕೆಲಸ, ಫ್ಯಾನ್ ಆಫ್. ನಮ್ಮ ಮನೆಗಳಲ್ಲಿ ಬಾವಲಿ ಸಾಯೋದು ಸೀಲಿಂಗ್ ಫ್ಯಾನಿಗೆ ಸಿಕ್ಕಿ. ಆಮೇಲೆ ಒಳಗಿನ ಬಾಗಿಲು ಹಾಕಿ, ಹೊರಗಿನ ಕಿಟಕಿ ಪೂರ್ತಿ ತೆಗೆದು, ಲೈಟ್ ಆರಿಸಿ, ರೂಮಿಂದ ಹೊರಗೆ ಬನ್ನಿ. ಸ್ವಲ್ಪ ಹೊತ್ತಲ್ಲಿ ತಾನೇ ಹೋಗತ್ತೆ. ಕೆಳಗೆ ಬಿದ್ದಿದ್ರೆ ಬರಿಗೈಲಿ ಮುಟ್ಟಬೇಡಿ. ಮೇಲೊಂದು ರಟ್ಟಿನ ಡಬ್ಬ ಮುಚ್ಚಿ, ಮಹಾರಾಷ್ಟ್ರ ಅರಣ್ಯ ಇಲಾಖೆಯ 1926 ಸಹಾಯವಾಣಿಗೆ ಫೋನ್ ಮಾಡಿ.

ಕಾಯಿಲೆ ಭಯ ಎಷ್ಟು ನಿಜ?

ಭಯ ಪೂರ್ತಿ ಸುಳ್ಳಲ್ಲ, ಅದರ ಜಾಗ ಮಾತ್ರ ತಪ್ಪಾಗಿದೆ. 2018ರ ಕೋಝಿಕ್ಕೋಡ್ ನಿಪಾ ಹಾವಳಿಗೂ ಹಣ್ಣು ಬಾವಲಿಗೂ ಸಂಬಂಧ ಇತ್ತು. ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯವರು 2020ರಲ್ಲಿ ಮಹಾಬಲೇಶ್ವರದ ಗುಹೆಯಲ್ಲಿ ಹಿಡಿದ ಬಾವಲಿಗಳಲ್ಲೂ ನಿಪಾ ಕುರುಹು ಕಂಡರು. ಯಾವ ಬಾವಲಿ ಕಚ್ಚಿದ್ರೂ ರೇಬೀಸ್ ಅಂತಲೇ ಎಣಿಸಿ, ಸೋಪು ನೀರಲ್ಲಿ 15 ನಿಮಿಷ ತೊಳೆದು, ಅವತ್ತೇ ಡಾಕ್ಟರ್ ಹತ್ತಿರ ಹೋಗಬೇಕು. ಒಣ ಹಿಕ್ಕೆಯ ಧೂಳಿನಲ್ಲಿ ಶ್ವಾಸಕೋಶಕ್ಕೆ ಹತ್ತೋ ಬೂಷ್ಟು ಇರಬಹುದು, ಅದನ್ನ ಗುಡಿಸಬೇಡಿ. ನೀರು ಚಿಮುಕಿಸಿ, ಎನ್95 ಮಾಸ್ಕ್, ಗ್ಲೌಸ್ ಹಾಕಿ ಒರೆಸಿ. ಬಾವಲಿ ಕಚ್ಚಿದ ಹಣ್ಣು ತಿನ್ನಬೇಡಿ.

ಇದೆಲ್ಲಾ ಕೇಳಿದ ಮೇಲೆ ಒಂದು ವಿಷಯ ಗೊತ್ತಾಗತ್ತೆ. ಗೋಡೆ ಆಚೆ ಇರೋ ಬಾವಲಿಯಿಂದ ಅಪಾಯ ತೀರಾ ಕಡಿಮೆ. ಹಿಡಿಯೋಕೆ, ಬಡಿಯೋಕೆ, ಗೂಡು ಕೆದಕೋಕೆ ಹೋದಾಗಲೇ ಅದು ನಮ್ಮ ಮೈಮೇಲೆ ಬರೋದು.

ಸೊಳ್ಳೆ ತಿನ್ನತ್ತೆ, ಡೆಂಗ್ಯೂ ಹೋಗತ್ತೆ ಅಂತ ಡಬ್ಬ ಮಾರೋರ ಮಾತನ್ನೂ ಪೂರ್ತಿ ನಂಬಬೇಡಿ. "ಗಂಟೆಗೆ ಸಾವಿರ ಸೊಳ್ಳೆ" ಅನ್ನೋ ಲೆಕ್ಕ, ಮುಚ್ಚಿದ ಕೋಣೆಯಲ್ಲಿ ಹುಳು ಬಿಟ್ಟು ನೋಡಿದ ಪ್ರಯೋಗವನ್ನ ಗುಣಿಸಿ ಬೆಳೆಸಿದ್ದು. ಡೆಂಗ್ಯೂ ಸೊಳ್ಳೆ ಕಚ್ಚೋದು ಹೆಚ್ಚಾಗಿ ಹಗಲಲ್ಲಿ, ಬಾವಲಿ ಏಳೋದು ರಾತ್ರಿ. ಹುಳುಗಳನ್ನ ತುಂಬ ತಿನ್ನತ್ತೆ, ಅದು ನಿಜ. ಕುಂಡದ ತಟ್ಟೆಯ ನೀರನ್ನ ನೀವೇ ಚೆಲ್ಲಬೇಕು.

ಸೊಸೈಟಿಯವರಿಗೆ ಏನು ಹೇಳೋದು?

ಹೊರಗೋಡೆ ಸೊಸೈಟಿಯದ್ದು. ಬಾಡಿಗೆಗಿದ್ರೆ ಓನರ್ ಮೂಲಕ ಕಮಿಟಿಗೆ ಒಂದು ಅರ್ಜಿ ಕೊಡಿ. "ಬಾವಲಿ ಸಾಕ್ತೀವಿ" ಅಂತ ಬರೆದ್ರೆ ಅಲ್ಲಿಗೇ ಮುಗೀತು. "ಫ್ಲಾಟಿನೊಳಗಿಂದ ಬಾವಲಿ ಹೊರಗೆ ಕಳಿಸಿ ಸಂದು ಮುಚ್ಚೋ ಕೆಲಸ, ನವೆಂಬರ್‌ನಲ್ಲಿ" ಅಂತ ಬರೆಯಿರಿ. ಅದು ನಿಜವೂ ಹೌದು. ಡಬ್ಬದ ಕೆಳಗೆ ಯಾರದ್ದೂ ಕಿಟಕಿ, ಬಟ್ಟೆ ಒಣಗಿಸೋ ತಂತಿ ಇರದ ಹಾಗೆ ಜಾಗ ಆರಿಸಿ, ಅರ್ಧ ಜಗಳ ಅಲ್ಲೇ ತಪ್ಪತ್ತೆ.

ಕಾನೂನಿನ ಮಾತು ಬಂದ್ರೆ, 1972ರ ವನ್ಯಜೀವಿ ಕಾಯ್ದೆಯಲ್ಲಿ ಹಣ್ಣು ಬಾವಲಿಗಳನ್ನ ಬಹಳ ವರ್ಷ ಇಲಿ, ಕಾಗೆ ಜೊತೆ ಉಪದ್ರವಿಗಳ ಪಟ್ಟಿಯಲ್ಲಿ ಇಟ್ಟಿದ್ರು. 2022ರ ತಿದ್ದುಪಡಿಯಲ್ಲಿ ಆ ಪಟ್ಟಿಯನ್ನೇ ತೆಗೆದುಹಾಕಿದ್ರು, 2023ರ ಏಪ್ರಿಲ್ 1ರಿಂದ ಜಾರಿ. "ಅದು ವರ್ಮಿನ್, ಹೊಡೀಬಹುದು" ಅನ್ನೋ ಹಳೇ ವಾದ ಈಗ ನಡೆಯಲ್ಲ.

ನಮ್ಮ ನಾಡಿನ ಎರಡು ಹೆಸರನ್ನೂ ಹೇಳಿ. ಈ ಊರಿನ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ನಡೆಸಿದ ಸಸ್ತನಿ ಸಮೀಕ್ಷೆಯಲ್ಲೇ ಬೆಳಗಾವಿ ಜಿಲ್ಲೆ ಖಾನಾಪುರ ಕಡೆಯ ತಳೇವಾಡಿ ಹತ್ತಿರದ ಬಾರಾಪೇಡೆ ಗುಹೆಯಿಂದ ರಾಟನ್ ಬಾವಲಿ ಸಿಕ್ಕಿದ್ದು. 1913ರಲ್ಲಿ ಅದು ಹೊಸ ಜಾತಿ ಅಂತ ದಾಖಲಾಯ್ತು. ಕೋಲಾರದ ಹನುಮನಹಳ್ಳಿಯ ಎಲೆಮೂತಿ ಬಾವಲಿಯದ್ದು ಇನ್ನೂ ಕಷ್ಟದ ಕಥೆ. ಜಗತ್ತಿನಲ್ಲಿ ಅದಕ್ಕೆ ಗೊತ್ತಿರೋ ಮನೆ ಅದೊಂದೇ ಊರಿನ ಗುಹೆ, ಉಳಿದಿರೋದು ಕೆಲವು ನೂರರ ಒಳಗೆ, ಸುತ್ತ ಗ್ರಾನೈಟ್ ಗಣಿ. ಅದಕ್ಕೆ ಇನ್ನೊಂದು ಬಾಗಿಲೇ ಇಲ್ಲ. ನಮ್ಮ ಎಸಿ ಹಿಂದಿನದ್ದು ಅಷ್ಟು ಅಪರೂಪ ಅಲ್ಲ, ಬೇರೆ ಸಂದು ಹುಡುಕ್ಕೊಳ್ಳೋ ಶಕ್ತಿ ಇದೆ. ನಾವು ಕೊಡಬೇಕಾದ್ದು ಸಮಯ ಅಷ್ಟೇ.

ಕೊನೆಗೆ ಒಂದು ಮಾತು. ಡಬ್ಬ ಖಾಲಿ ಉಳಿಯಬಹುದು. ಬಂದ್ರೂ ಒಂದೆರಡು ವರ್ಷ ಹಿಡಿಯಬಹುದು. ಎರಡು ಮಳೆಗಾಲ ಕಳೆದ ಮೇಲೂ ಯಾರೂ ಬರದಿದ್ರೆ ಜಾಗ ಬದಲಿಸಿ ನೋಡಿ. 11 ತಿಂಗಳ ಅಗ್ರಿಮೆಂಟ್ ಮುಗಿಯೋ ಮುಂಚೆ ಇನ್ನೊಂದು ಮನೆ ನೋಡ್ಕೊಳ್ಳೋಕೆ ಒಂದು ತಿಂಗಳ ನೋಟಿಸ್ ಕೇಳೋ ಜನ ನಾವು. ಬಾವಲಿಗೆ ಆರು ವಾರ ಕೊಡೋಣ. ಡಬ್ಬಕ್ಕೆ ಬರಲಿ, ಪಕ್ಕದ ಬಿಲ್ಡಿಂಗ್‌ಗೆ ಹೋಗಲಿ, ಮರಿ ಸಮೇತ ಹೋದ್ರೆ ಕೆಲಸ ಗೆದ್ದ ಹಾಗೆ.

ಇವತ್ತು ಸಂಜೆ ಎಣಿಸೋಕೆ ಕೂತ್ರೆ ಸಂಖ್ಯೆ ಬರೆದಿಟ್ಕೊಳ್ಳಿ. ಮುಂದಿನ ವಾರ ಮತ್ತೆ ಸಿಗೋಣ, ನಮಸ್ಕಾರ.